ಸಿನಿಮಾದಲ್ಲಿದ್ದ ಹಾಗೇ

ಮನೆಯವರನ್ನೆಲ್ಲ ಸಿನಿಮಾಕ್ಕೆ ಕರೆದುಕೊಂಡು ಹೋಗಬೇಕೆಂದು ಪುಕ್ಕಿ ಹಟ ಹಿಡಿದದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಅದೂ ಎಂಥ ಸಿನಿಮಾ! ಒಬ್ಬ ಹೆಂಗಸಿನ ಬೆನ್ನು ಹತ್ತಿದ ಒಬ್ಬ ಗಂಡಸಿನ ಕಥೆ. ನೋಡಿ ಬಂದವರು ಸ್ನಾನದ ಮನೆಯ ಬಾಗಿಲನ್ನು ಅರ್ಧ ತೆರೆದಿಟ್ಟುಕೊಂಡೇ ಸ್ನಾನ ಮಾಡುತ್ತಾರೆಂದು ಊರೆಲ್ಲ ಆಡಿಕೊಳ್ಳುತ್ತಿದ್ದ ಸಿನಿಮಾ.

"ಹಲ್ಲಿ ಲೊಚ್ ಅಂದ್ರೆ ಮಂಚ ಹತ್ತೋಳು, ನೀನು ನಮ್ಮನ್ನ ದೆವ್ವದ ಸಿನಿಮಾಕ್ಕೆ ಕರ್ಕೊಂಡು ಹೋಗ್ತೀಯಾ?" ಎಂದು ಅಣ್ಣ ನಕ್ಕ.

"ಅದ್ರಲ್ಲಿ ದೆವ್ವ ಇಲ್ಲ. ಮನುಷ್ಯಾನೇ."

"ಮತ್ತೆ ಹೆದರೋಕೇನಿದೆ ಅದ್ರಲ್ಲಿ?" ಎಂದಳು ಅತ್ತಿಗೆ, ಮಡಚುತ್ತಿದ್ದ ಬಟ್ಟೆಯಿಂದ ತಲೆಯೆತ್ತದೆ.

ಅಮ್ಮ ಮಾತ್ರ ಬೇಡವೆನ್ನಲಿಲ್ಲ. "ಕೂತರೆ ನಂಗೆ ನಿದ್ದೆ ಬರುತ್ತೆ. ಎಲ್ಲಿ ಕೂತರೇನು, ಬರ್ತೀನಿ ನಡಿ," ಎಂದಳು.

ಪುಕ್ಕಿ ಅವಳ ಹೆಸರಲ್ಲ. 'ಪುಕ್ಕಲಿ' ಎಂಬುದು ಮನೆಯವರ ಬಾಯಲ್ಲಿ ಸವೆದು ಸವೆದು ಪುಕ್ಕಿಯಾಗಿ ನಿಂತದ್ದು. ಅವಳು ಚಿಕ್ಕವಳಿದ್ದಾಗ ಒಂದು ಮುಂಜಾವ, ಗೂಟಕ್ಕೆ ತೂಗುಹಾಕಿದ್ದ ಅಪ್ಪನ ಒದ್ದೆ ಕೋಟನ್ನು ಕಂಡು "ಯಾರೋ ನಿಂತಿದಾನೆ!" ಎಂದು ಕಿರುಚಿ ಇಡೀ ಕಟ್ಟಡವನ್ನೇ ಎಬ್ಬಿಸಿದ್ದಳು. ಮೇಲಿನ ಮನೆಯವರು ಪೊರಕೆ ಹಿಡಿದು ಇಳಿದು ಬಂದಿದ್ದರು. ಅಪ್ಪ ತೀರಿಕೊಂಡು ವರ್ಷಗಳಾದವು, ಆ ಕೋಟು ಯಾರ ಪಾಲಾಯಿತೋ ಏನೋ, ಕಥೆ ಮಾತ್ರ ಮನೆಯಲ್ಲೇ ಉಳಿಯಿತು. ಹೊಸ ನೆಂಟರು ಬಂದಾಗಲೆಲ್ಲ ಬಿಸ್ಕತ್ತಿನ ತಟ್ಟೆಯ ಜೊತೆಗೆ ಅದೂ ಹೊರಗೆ ಬರುತ್ತಿತ್ತು. ಅತ್ತಿಗೆ ಈ ಮನೆಗೆ ಬಂದ ಮೊದಲ ದಿನ ಕೇಳಿದ ಮೊದಲ ಕಥೆಯೂ ಅದೇ.

ಆದ್ದರಿಂದಲೇ ಪುಕ್ಕಿಗೆ ಈಗ ಮಾತು ಸಿಗುತ್ತಿರಲಿಲ್ಲ. ಗಂಟಲಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಏಕೆಂದರೆ ಈಗ ನಿಜವಾಗಿಯೂ ಒಬ್ಬ ನಿಂತಿದ್ದ.

ಅವಳು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಮೂರು ಗೋಡೆಗೂ ಕನ್ನಡಿ; ಗಿರಾಕಿಗಳು ಫ್ರೇಮು ಹಾಕಿಕೊಂಡು ಆ ಕಡೆ ಈ ಕಡೆ ತಿರುಗಿ ತಮ್ಮನ್ನು ತಾವು ನೋಡಿಕೊಳ್ಳಲೆಂದು. ಆ ಅಂಗಡಿಗೆ ಯಜಮಾನರ ತಂದೆಯ ಕಾಲದಿಂದ ನಡೆದುಬಂದ ಒಂದು ನೇಮವಿತ್ತು: ಅಲ್ಲಿ ಕೊಂಡ ಕನ್ನಡಕದ ಸ್ಕ್ರೂ ಸಡಿಲವಾದರೆ ಆಯುಷ್ಯವಿಡೀ ಬಿಗಿದುಕೊಡಬೇಕು, ಕಾಸು ಕೇಳಬಾರದು, ಮುಖ ಗಂಟಿಕ್ಕಬಾರದು. "ಸ್ಕ್ರೂ ಬಿಗಿಸೋಕೆ ಬಂದೋನೇ ನಾಳೆ ಹೊಸ ಫ್ರೇಮು ತಗೊಳ್ಳೋನು" ಎನ್ನುವುದು ಯಜಮಾನರ ಮಂತ್ರ. ಬಿಗಿಯುವ ಕೆಲಸ ಪುಕ್ಕಿಯದು. ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್, ಎದುರಿಗೆ ಸಣ್ಣ ದೀಪ, ಅಂಗೈಯಲ್ಲಿ ಯಾರದೋ ಮುಖದ ಬಿಸಿ ಇನ್ನೂ ಆರದ ಕನ್ನಡಕ.

ಬೂದು ಸ್ವೆಟರಿನವನು ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ. ಆಮೇಲೆ ವಾರಕ್ಕೊಮ್ಮೆ. ಆಮೇಲೆ ದಿನ ಬಿಟ್ಟು ದಿನ. ವಯಸ್ಸು ನಲವತ್ತರ ಆಸುಪಾಸು; ನೀಟಾಗಿ ಬಾಚಿದ ಕೂದಲು, ಮೆಲುದನಿ. "ಅವಸರ ಇಲ್ಲ ಮೇಡಂ, ನಿಧಾನವಾಗಿ ಮಾಡಿ," ಎನ್ನುತ್ತಿದ್ದ. ಸ್ಕ್ರೂ ತಾನಾಗಿ ಸಡಿಲವಾದದ್ದಲ್ಲ ಎಂದು ಪುಕ್ಕಿಗೆ ಗೊತ್ತಾಗುತ್ತಿತ್ತು. ಅದರ ತಲೆಯಲ್ಲಿ ಚಾಕುವಿನ ತುದಿ ಆಡಿಸಿದ ಹೊಸ ಗೀರು ಇರುತ್ತಿತ್ತು. ಬಿಗಿದುಕೊಟ್ಟರೆ ಥ್ಯಾಂಕ್ಸ್ ಹೇಳಿ ಹೋಗುವನು. ಸಂಜೆ ಬಸ್ ಸ್ಟಾಪಿನಲ್ಲಿ ಇರುವನು. ಅವಳು ಹತ್ತಿದ ಬಸ್ಸನ್ನೇ ಹತ್ತುವನು, ಅವಳು ಇಳಿದಲ್ಲೇ ಇಳಿಯುವನು, ಅವಳ ಬೀದಿಯ ಮೂಲೆಯಲ್ಲಿ ನಿಂತು ಬೂಟಿನ ದಾರ ಕಟ್ಟಿಕೊಳ್ಳುವನು. ಒಂದು ದಿನ ಅವಳು ಸ್ಕ್ರೂ ಬಿಚ್ಚಿ ಕೂರಿಸುತ್ತಿದ್ದಾಗ ಅಷ್ಟೇ ಮೆಲುದನಿಯಲ್ಲಿ, "ನಿಮ್ಮ ಬಾಲ್ಕನೀಲಿ ಆ ನೀಲಿ ಟವೆಲ್ ನಿನ್ನೆಯಿಂದ ಒಣಗ್ತಾನೇ ಇದೆ, ತೆಗೆಯೋದು ಮರೆತ್ರಾ?" ಎಂದ.

ಕೈಯಲ್ಲಿದ್ದ ಸ್ಕ್ರೂ ಜಾರಿ ಬಿದ್ದು ಎಲ್ಲಿ ಹೋಯಿತೋ ಸಿಗಲಿಲ್ಲ. ಅವನೂ ಬಗ್ಗಿ ಹುಡುಕಿದ. ಪಾಪ, ಎಷ್ಟು ಒಳ್ಳೆಯವನು ಎಂದು ಪಕ್ಕದ ಗಿರಾಕಿ ಅಂದುಕೊಂಡಿರಬೇಕು.

ಯಜಮಾನರಿಗೆ ಹೇಳಿದಳು. ಅವರು ಕನ್ನಡಿಯಲ್ಲಿ ತಮ್ಮ ಮೀಸೆ ನೋಡಿಕೊಳ್ಳುತ್ತ, "ಮರ್ಯಾದಸ್ಥ ಮನುಷ್ಯ ಕಣಮ್ಮ. ಒಂದು ದಿನಾನಾದ್ರೂ ಕೆಟ್ಟ ಮಾತಾಡಿದಾನಾ? ಸ್ಕ್ರೂ ಬಿಗಿಸೋಕೆ ಬರಬೇಡ ಅಂತ ಗಿರಾಕಿಗೆ ಹೇಳೋಕಾಗುತ್ತಾ?" ಎಂದರು.

ಹೇಳೋಕಾಗದು, ನಿಜ. ಅವನು ಕೆಟ್ಟ ಮಾತಾಡಿರಲಿಲ್ಲ. ಅದೇ ಅವಳ ಕಷ್ಟ.

ಇನ್ನು ಮನೆ. ಅಮ್ಮನ ಬಾಯಲ್ಲಿ ಸದಾ ಯಾವುದಾದರೊಂದು ಪದ್ಯ. ಪಾತ್ರೆ ತೊಳೆಯುವಾಗ, ಗುಂಡಿ ಹೊಲಿಯುವಾಗ, ಯಾರಿಗೂ ಅಲ್ಲದೆ, ತನಗೂ ಅಲ್ಲದೆ, ರಾಗ ಎಳೆಯುತ್ತ ಹೇಳಿಕೊಳ್ಳುವಳು. ಮೇಲೊಬ್ಬ ನೋಡುವವನಿದ್ದಾನೆ, ಅವನ ಕಣ್ಣಿಗೆ ರೆಪ್ಪೆಯಿಲ್ಲ ಎಂಬ ಅರ್ಥದ ಸಾಲುಗಳನ್ನು ಕೇಳುತ್ತಲೇ ಪುಕ್ಕಿ ಬೆಳೆದದ್ದು. ನೋಡುವವನಿದ್ದರೆ ಕಾಯುವವನೂ ಅವನೇ ಎಂದು ಅವಳು ನಂಬಿದ್ದಳು. ಈಚೆಗೆ ಆ ಸಾಲು ಕಿವಿಗೆ ಬಿದ್ದಾಗ ಎದ್ದು ಕಿಟಕಿಯ ಪರದೆ ಎಳೆಯುವಳು.

ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಮನೆಯಲ್ಲಿ ಒಬ್ಬರು ನಂಬಬೇಕು. ಅಣ್ಣ ಕೆಲವು ದಿನ ಸಂಜೆ ಬಂದು ಅವಳ ಜೊತೆ ಬಸ್ಸು ಹತ್ತಿದರೆ ಸಾಕು. ಹಿಂದೆ ಬರುವವನಿಗೆ, ಇವಳಿಗೂ ತನ್ನವರಿದ್ದಾರೆ ಎಂದು ಗೊತ್ತಾದರೆ ಸಾಕು. ಆದರೆ ಕೋಟಿಗೆ ಕಿರುಚಿದವಳು ಸ್ವೆಟರಿಗೆ ಕಿರುಚಿದರೆ ಯಾರು ಎದ್ದು ಬರುತ್ತಾರೆ? ಆಗಲೇ ಆ ಸಿನಿಮಾ ಬಂತು. ಅಂಗಡಿಗೆ ಬಂದ ಗಿರಾಕಿಗಳೆಲ್ಲ ಅದರ ಕಥೆಯನ್ನೇ ಹೇಳುತ್ತಿದ್ದರು. ತನ್ನ ನಾಲಿಗೆಯಲ್ಲಿ ಇಲ್ಲದ ಮಾತನ್ನು ಆ ತೆರೆಯೇ ಹೇಳಲಿ, ಆಮೇಲೆ ತಾನು 'ನನ್ನದೂ ಅದೇ' ಎಂದರೆ ಮುಗಿಯಿತಲ್ಲ ಎಂದು ಪುಕ್ಕಿ ಯೋಚಿಸಿದಳು.

ಭಾನುವಾರ ಮಧ್ಯಾಹ್ನದ ಆಟ. ಕಾಲಿಡಲು ಜಾಗವಿಲ್ಲ. ಅಮ್ಮ ಗೋಡೆಯ ಬದಿಗೆ, ಪಕ್ಕದಲ್ಲಿ ಪುಕ್ಕಿ, ಆಚೆಗೆ ಅತ್ತಿಗೆ, ತುದಿಯಲ್ಲಿ ಅಣ್ಣ. ದೀಪ ಆರಿತು.

ಪುಕ್ಕಿ ತೆರೆಯನ್ನು ನೋಡಿದ್ದು ಕಡಿಮೆ. ಅವಳ ಕಣ್ಣೆಲ್ಲ ಈ ಮೂರು ಮುಖಗಳ ಮೇಲೆ. ತೆರೆಯ ಮೇಲೆ ಒಬ್ಬ ಹೂವಿನ ಅಂಗಡಿಯ ಹೆಂಗಸು. ಒಬ್ಬ ದಿನಾ ಬಂದು ಒಂದೇ ಒಂದು ಹೂ ಕೊಳ್ಳುತ್ತಾನೆ. ಮೊದಮೊದಲು ಜನ ನಕ್ಕರು. "ಲೇ, ಜಿಪುಣಾ! ಒಂದು ಗೊಂಚಲಾದ್ರೂ ತಗೊಳ್ಳೋ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಅವನು ಅವಳ ಬೀದಿಯಲ್ಲಿ ಕಾಣಿಸಿಕೊಂಡಾಗ ಶಿಳ್ಳೆ ಬಿತ್ತು. "ಅತ್ಲಾಗೆ ಮದುವೆ ಮಾಡಿಬಿಡ್ರೋ, ಮುಗೀಲಿ!" ಎಂದ ಇನ್ನೊಬ್ಬ, ಇಡೀ ಸಾಲೇ ಹೊಟ್ಟೆ ಹಿಡಿದುಕೊಂಡಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಗಾದೆ ಮಾಡಿದವರಿಗೆ, ಕೂತು ನೋಡುವ ಜನರ ಬಗ್ಗೆ ಹೇಳಲು ಏನೂ ತೋಚಿರಲಿಲ್ಲ.

ಬರಬರುತ್ತ ನಗು ಇಂಗಿತು. ಅವನು ಅವಳ ಬೆನ್ನ ಹಿಂದೆಯೇ ನಿಂತಾಗ ಥಿಯೇಟರಿಗೆ ಥಿಯೇಟರೇ ಎದ್ದು ಕೂಗಿತು: "ಹಿಂದೆ ನೋಡೇ! ಹಿಂದೆ!" ಅಮ್ಮ ನಿದ್ದೆ ಮಾಡಲಿಲ್ಲ, ಪುಕ್ಕಿಯ ಕೈಯನ್ನು ಉಗುರು ಊರುವಂತೆ ಹಿಡಿದುಕೊಂಡಳು. ಅತ್ತಿಗೆ ಕಣ್ಣು ಮುಚ್ಚಿಕೊಂಡು ಬೆರಳ ಸಂದಿನಿಂದ ನೋಡಿದಳು. ತೆರೆಯ ಹೆಂಗಸು ತನ್ನ ಅಣ್ಣನಿಗೆ ಹೇಳಿದಾಗ ಅವನು, "ನಿನ್ನ ಭ್ರಮೆ" ಎಂದ. ಜನ ಛೀ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಪುಕ್ಕಿಯ ಅಣ್ಣ: "ಥೂ, ಮುಠ್ಠಾಳ! ಬಾಯಿಬಿಟ್ಟು ಹೇಳ್ತಿದಾಳಲ್ಲೋ!"

ಒಂದು ಬೆಳಿಗ್ಗೆ ಅವಳು ಬಾಗಿಲು ತೆರೆಯುತ್ತಾಳೆ. ಹೊರಗೆ ಒಂದು ಖಾಲಿ ಕುರ್ಚಿ, ಬಾಗಿಲಿಗೆ ಮುಖ ಮಾಡಿಕೊಂಡು. ಅಷ್ಟೇ. ರಕ್ತವಿಲ್ಲ, ಕತ್ತಿಯಿಲ್ಲ. ಇಡೀ ಜನ ಉಸಿರು ಬಿಗಿಹಿಡಿದರು. ಎಲ್ಲೋ ಒಬ್ಬ ಹೆಂಗಸು ಚೀರಿದಳು. ಆ ಚೀತ್ಕಾರಕ್ಕೆ ಹೆದರಿ ಇನ್ನೊಂದಿಷ್ಟು ಜನ ಚೀರಿದರು. ಕೊನೆಗೆ ಎಲ್ಲರೂ ತಾವು ಚೀರಿದ್ದಕ್ಕೆ ತಾವೇ ನಕ್ಕರು. ಇಂಟರ್ವಲ್.

ಹೊರಗೆ ಪಾಪ್‌ಕಾರ್ನ್ ಸಾಲಿನಲ್ಲಿ ಅಣ್ಣನ ಮುಖ ಕೆಂಪೇರಿತ್ತು. "ಅವನೆಂಥ ಅಣ್ಣ! ನನ್ನ ತಂಗಿ ಹೀಗೆ ಬಂದು ಹೇಳಿದ್ರೆ ಅವನ ಕಾಲು ಮುರೀತಿದ್ದೆ."

"ನೀವಾ? ಕ್ಯೂನಲ್ಲಿ ಮುಂದೆ ನುಗ್ಗಿದೋನಿಗೇ ಏನೂ ಅನ್ನಲಿಲ್ಲ ನೀವು," ಎಂದಳು ಅತ್ತಿಗೆ.

ಎಲ್ಲರೂ ನಕ್ಕರು. ಪುಕ್ಕಿಯೂ ನಕ್ಕಳು, ಎಷ್ಟೋ ದಿನದ ಮೇಲೆ ಎದೆಯ ಮೇಲಿನ ಕಲ್ಲು ಅಲುಗಿದ ಹಾಗಾಯಿತು. ಇವತ್ತೇ ಹೇಳುತ್ತೇನೆ, ಮನೆಗೆ ಹೋದ ಕೂಡಲೇ ಹೇಳುತ್ತೇನೆ. ಹಾಗೆಂದುಕೊಂಡು ತಲೆಯೆತ್ತಿದರೆ ಕಾಫಿಯ ಸಾಲಿನಲ್ಲಿ ಬೂದು ಸ್ವೆಟರ್. ಅವನು ಕನ್ನಡಕ ತೆಗೆದು, ಸ್ವೆಟರಿನ ಅಂಚಿನಿಂದ ಒರೆಸಿ, ಹಾಕಿಕೊಂಡು, ಪರಿಚಯದವರಿಗೆ ತಲೆದೂಗುವ ಹಾಗೆ ಅವಳಿಗೆ ತಲೆದೂಗಿದ.

"ಅಣ್ಣಾ, ಅಲ್ಲಿ..." ಎಂದಳು. ಗಂಟೆ ಹೊಡೆಯಿತು. ಜನ ಬಾಗಿಲಿಗೆ ನುಗ್ಗಿದರು. "ಬಾ ಬಾ, ಶುರುವಾಗುತ್ತೆ," ಎಂದು ಅಣ್ಣ ಅವಳ ತೋಳು ಹಿಡಿದೆಳೆದ.

ಎರಡನೆಯ ಅರ್ಧವನ್ನು ಅವಳು ನೋಡಲೇ ಇಲ್ಲ. ಒಂದು ಸಲ ಧೈರ್ಯ ಮಾಡಿ ತಿರುಗಿದಳು. ತೆರೆಯ ಬೆಳಕಿನಲ್ಲಿ ಸಾಲು ಸಾಲು ಮುಖ, ಎಲ್ಲವೂ ಒಂದೇ ಬಣ್ಣ, ಎಲ್ಲರ ಬಾಯೂ ಅರ್ಧ ತೆರೆದದ್ದು, ಎಲ್ಲ ಕನ್ನಡಕದಲ್ಲೂ ಅದೇ ಸಣ್ಣ ಸಿನಿಮಾ. ಅವನು ಯಾವ ಸಾಲಿನಲ್ಲಿದ್ದಾನೋ ತಿಳಿಯಲಿಲ್ಲ.

ಸಿನಿಮಾದ ಹೆಂಗಸು ಸತ್ತಳು. ಸತ್ತ ಮೇಲೆ ಎಲ್ಲರೂ ನಂಬಿದರು. ಅವಳ ಅಣ್ಣ ಆ ಖಾಲಿ ಕುರ್ಚಿಯ ಮೇಲೆ ಕುಸಿದು ಅತ್ತಾಗ ಜನರೂ ಅತ್ತರು. ಮೂಗು ಸೀಟುವ ಸದ್ದು ಸಾಲಿನಿಂದ ಸಾಲಿಗೆ ಹೋಯಿತು. ಮೆಟ್ಟಿಲಿಳಿಯುವಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಯಾರಾದ್ರೂ ಒಬ್ಬರು ನಂಬಿದ್ರೆ ಉಳೀತಿದ್ಲು, ಪಾಪ," ಎಂದಳು.

ಇಷ್ಟು ಕೇಳಿದ ಮೇಲೂ ಸುಮ್ಮನಿರುವವರು ಯಾರು? ಮನೆಗೆ ಬಂದು, ಟೀ ಇಟ್ಟು, ನಾಲ್ಕು ಲೋಟಕ್ಕೆ ಸುರಿದು, ಪುಕ್ಕಿ ಕುಳಿತಳು. "ನಿಮಗೆಲ್ಲ ಒಂದು ಮಾತು ಹೇಳ್ಬೇಕು. ನನ್ನ ಹಿಂದೇನೂ ಒಬ್ಬ ಇದಾನೆ," ಎಂದಳು.

ಮೂವರೂ ಅವಳನ್ನೇ ನೋಡಿದರು. ಹೇಳಿದಳು; ಸ್ಕ್ರೂ, ಬಸ್ಸು, ಬೀದಿಯ ಮೂಲೆ, ನೀಲಿ ಟವೆಲ್, ಎಲ್ಲವನ್ನೂ. ಒಂದು ಕಡೆಯೂ ತೊದಲಲಿಲ್ಲ. ಆದರೆ ಹೇಳುತ್ತ ಹೇಳುತ್ತ ಅವಳಿಗೇ ಕೇಳಿಸತೊಡಗಿತು: ಪ್ರತಿ ಮಾತಿನ ಹಿಂದೆಯೂ ಇದೀಗ ನೋಡಿ ಬಂದದ್ದರ ಪ್ರತಿಧ್ವನಿ. ಅಣ್ಣನ ತುಟಿಯ ತುದಿ ಅದುರುತ್ತಿತ್ತು. ಅವನು ನಗು ತಡೆದುಕೊಂಡಿದ್ದ.

ಮೊದಲು ಸೋತದ್ದು ಅತ್ತಿಗೆ. "ಅಲ್ಲಿ ಹೂವು, ಇಲ್ಲಿ ಸ್ಕ್ರೂ! ಚೆನ್ನಾಗಿ ಜೋಡಿಸಿದೀಯ ಕಣೇ!"

"ಅತ್ತಿಗೆ, ದೇವರಾಣೆ."

"ಇದಕ್ಕೇ ಇವಳಿಗೆ ಇಂಥದ್ದೆಲ್ಲ ತೋರಿಸಬಾರದು," ಎಂದು ಅಮ್ಮ ಎದ್ದು ಬಂದು ಹಣೆ ಮುಟ್ಟಿ ನೋಡಿದಳು. "ಎಳೇ ಮನಸ್ಸು. ಕೋಟಿಗೇ ಹೆದರಿದೋಳು. ಮಲಗಿ ಎದ್ದರೆ ಸರಿಹೋಗುತ್ತೆ ಮಗಳೇ."

"ಅವನು ಇವತ್ತು ಅಲ್ಲಿಗೂ ಬಂದಿದ್ದ. ಕಾಫಿ ಕ್ಯೂನಲ್ಲಿದ್ದ."

"ಪುಕ್ಕಿ, ಊರಿಗೆ ಊರೇ ಬಂದಿತ್ತು ಅಲ್ಲಿ," ಎಂದ ಅಣ್ಣ. "ಒಬ್ಬ ಮನುಷ್ಯ ಸಿನಿಮಾ ನೋಡೋದೂ ತಪ್ಪಾ?"

ಅವಳು ಆಗ ಒಂದು ಮಾತು ಹೇಳಿದಳು. ಅಣ್ಣ ಲಿಫ್ಟ್ ರಿಪೇರಿಯವನು. ಯಾವ ಕಟ್ಟಡದ ಲಿಫ್ಟಿನಿಂದ ಅಲಾರಂ ಬಂದರೂ ಊಟ ಬಿಟ್ಟು ಓಡುವವನು. ಹತ್ತಕ್ಕೆ ಒಂಬತ್ತು ಸಲ ಯಾವುದೋ ತುಂಟ ಮಗು ಗುಂಡಿ ಒತ್ತಿರುತ್ತಿತ್ತು. ಆದರೂ ಹೋಗಿ ಕಣ್ಣಾರೆ ನೋಡದೆ ಬಿಡುತ್ತಿರಲಿಲ್ಲ. "ಸುಳ್ಳು ಗಂಟೆಗೂ ಓಡ್ತೀಯಲ್ಲ ಅಣ್ಣ. ನನ್ನದಕ್ಕೂ ಒಂದು ಸಲ ಬಾ," ಎಂದಳು.

ಅಣ್ಣನ ನಗು ನಿಂತಿತು. ಮನುಷ್ಯ ಕೆಟ್ಟವನಲ್ಲ. "ಆಯ್ತು. ಬರ್ತೀನಿ," ಎಂದ.

ಕೊಟ್ಟ ಮಾತಿನಂತೆ ಬಂದೂ ಬಂದ. ಮಂಗಳವಾರ ಮಧ್ಯಾಹ್ನ, ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡೇ, ಅಂಗಡಿಯೊಳಗೆ ಬಂದು ಗಿರಾಕಿಯ ಹಾಗೆ ಕುಳಿತ. ಸ್ವಲ್ಪ ಹೊತ್ತಿಗೆ ಬೂದು ಸ್ವೆಟರಿನವನೂ ಬಂದ. ಪುಕ್ಕಿ ಕನ್ನಡಿಯಲ್ಲಿ ಅಣ್ಣನಿಗೆ ಕಣ್ಣಲ್ಲೇ ತೋರಿಸಿದಳು. ಆ ಕಣ್ಣನ್ನು ಇನ್ನೊಂದು ಕನ್ನಡಿಯಲ್ಲಿ ಅವನೂ ಕಂಡ. ಕಂಡವನು ಹಿಂದಕ್ಕೆ ಸರಿಯಲಿಲ್ಲ. ನೇರ ಹೋಗಿ ಅಣ್ಣನ ಪಕ್ಕದಲ್ಲೇ ಕುಳಿತ.

"ನೀವು ಮೇಡಂ ಅವರ ಅಣ್ಣ ಅಲ್ವಾ? ಮೂಗು ನೋಡಿದ್ರೇ ಗೊತ್ತಾಗುತ್ತೆ," ಎಂದ.

"ಹೌದು," ಎಂದ ಅಣ್ಣ, ಗಂಟಲು ಗಡುಸು ಮಾಡಿಕೊಂಡು. "ದಿನಾ ಬರ್ತೀರಂತೆ?"

"ಏನು ಮಾಡೋದು ಸಾರ್, ಈ ದರಿದ್ರ ಸ್ಕ್ರೂ. ಪಾಪ, ಬೇಜಾರಿಲ್ಲದೆ ಮಾಡಿಕೊಡ್ತಾರೆ." ಆಮೇಲೆ ದನಿ ತಗ್ಗಿಸಿ, "ಭಾನುವಾರ ನಿಮ್ಮನ್ನ ಸಿನಿಮಾದಲ್ಲಿ ನೋಡಿದೆ. ಹೇಗಿತ್ತು ಸಾರ್?"

ಮುಗಿಯಿತು. ಸಿನಿಮಾದ ಮಾತೆತ್ತಿದರೆ ಅಣ್ಣನಿಗೆ ಪ್ರಪಂಚ ಬೇಡ. ಪುಕ್ಕಿ ಕೈಯಲ್ಲಿ ಕನ್ನಡಕ ಹಿಡಿದು ನಿಂತೇ ಇದ್ದಳು. ಮೂರು ಗೋಡೆಗಳಲ್ಲೂ ಆ ಇಬ್ಬರು ಹತ್ತಿರ ಹತ್ತಿರ ತಲೆಯಿಟ್ಟು ಮಾತಾಡುತ್ತಿದ್ದರು.

"ಆ ಅಣ್ಣ ಇದಾನಲ್ಲ ಸಾರ್, ಅವನನ್ನ ಕಂಡ್ರೆ ಮೈ ಉರಿದುಹೋಯ್ತು ನನಗೆ," ಎನ್ನುತ್ತಿದ್ದ ಸ್ವೆಟರಿನವನು. "ತಂಗಿ ಹೇಳ್ತಿದಾಳೆ, ಕೇಳೋ ಕಿವಿ ಬೇಡ್ವಾ?"

"ಅದೇ ಸಾರ್ ನಾನೂ ಹೇಳಿದ್ದು! ಮನೇಲಿ ಕೇಳಿ ಬೇಕಾದ್ರೆ!" ಎಂದು ಅಣ್ಣ ತೊಡೆ ತಟ್ಟಿಕೊಂಡ.

ಏಳುವಾಗ, ತಮ್ಮ ಕಟ್ಟಡದ ಲಿಫ್ಟ್ ಮೂರನೇ ಮಹಡಿಯಲ್ಲಿ ನಡುಗುತ್ತದೆಂದು ಅವನು ಹೇಳಿದ. ಅಣ್ಣ ಕಾರ್ಡು ತೆಗೆದು ಕೊಟ್ಟ. ಅದರಲ್ಲಿ ಫೋನ್ ನಂಬರಿತ್ತು, ಮನೆಯ ವಿಳಾಸವೂ ಇತ್ತು.

"ನೋಡು ಪುಕ್ಕಿ," ಎಂದ ಅಣ್ಣ ಅವತ್ತು ಸಂಜೆ, ತುಂಬ ಪ್ರೀತಿಯಿಂದಲೇ. "ನಾನು ಬಂದೆ, ನೋಡಿದೆ. ಮನುಷ್ಯ ಚಿನ್ನದಂಥೋನು. ಒಂಟಿಯಾಗಿದಾನೆ, ಮಾತಾಡೋಕೆ ಜನ ಬೇಕು, ಅಷ್ಟೇ. ಇನ್ನು ಇದನ್ನ ತಲೆಯಿಂದ ತೆಗೆದುಹಾಕು."

ಲಿಫ್ಟಿನವರಲ್ಲಿ ಹಾಗೊಂದು ರೂಢಿಯಿದೆ. ಅಲಾರಂನ ಮೊದಲ ಗಂಟೆಗೆ ಓಡಲೇಬೇಕು. ಹೋಗಿ, ಕೇಬಲ್ಲು ಬಾಗಿಲು ಎಲ್ಲ ತಡವಿ, ದೋಷವಿಲ್ಲ ಎಂದು ಒಮ್ಮೆ ಕಣ್ಣಾರೆ ಕಂಡ ಮೇಲೆ, ಅದೇ ಲಿಫ್ಟಿನಿಂದ ಮತ್ತೆ ಗಂಟೆ ಬಂದರೆ ಅದು ತುಂಟರ ಆಟ. ಪುಕ್ಕಿಗೆ ಇದು ಗೊತ್ತಿತ್ತು. ತನಗಿದ್ದ ಒಂದೇ ಗಂಟೆಯನ್ನು ತಾನೇ ಬಾರಿಸಿ ಮುಗಿಸಿದ್ದೇನೆಂದು, ಅಣ್ಣ ಟೀ ಲೋಟ ಕೆಳಗಿಡುವಷ್ಟರಲ್ಲಿ ಅವಳಿಗೆ ಅರ್ಥವಾಯಿತು.

ಅಷ್ಟರಲ್ಲಿ ಊರಿಗೆ ಕುರ್ಚಿಯ ಹುಚ್ಚು ಹಿಡಿದಿತ್ತು. ಆ ದೃಶ್ಯಕ್ಕೆ ಬೆಚ್ಚಿದ ಜನವೇ ಮನೆಗೆ ಬಂದು, ಪಕ್ಕದವರ ಬಾಗಿಲ ಮುಂದೆ ಖಾಲಿ ಕುರ್ಚಿ ಇಟ್ಟು, ಅವರು ಬಾಗಿಲು ತೆರೆದು ಹೌಹಾರುವುದನ್ನು ಫೋನಿನಲ್ಲಿ ಹಿಡಿದು, ಒಬ್ಬರಿಗೊಬ್ಬರು ಕಳಿಸಿಕೊಳ್ಳತೊಡಗಿದರು. ಆಫೀಸುಗಳಲ್ಲಿ ಸಾಹೇಬರ ಕೋಣೆಯ ಎದುರು ಕುರ್ಚಿ. ಅತ್ತಿಗೆಯೇ ಎದುರುಮನೆಯವಳಿಗೆ ಒಮ್ಮೆ ಇಟ್ಟು ಬಂದು, ನಕ್ಕು ನಕ್ಕು ಬಿಕ್ಕಳಿಕೆ ತರಿಸಿಕೊಂಡಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಪುಕ್ಕಿ ಬಾಗಿಲು ತೆರೆದಳು. ಹೊರಗೆ ಮರದ ಕುರ್ಚಿ, ಬಾಗಿಲಿಗೆ ಮುಖ ಮಾಡಿಕೊಂಡು. ಅದರ ಮೇಲೆ ಏನೋ ಮಿನುಗಿತು. ಬಗ್ಗಿ ನೋಡಿದರೆ ಎಳ್ಳುಕಾಳಿನಷ್ಟು ಪುಟ್ಟ ಸ್ಕ್ರೂ. ಅಂಗಡಿಯ ನೆಲದಲ್ಲಿ ಕಳೆದು ಹೋಗಿದ್ದದ್ದು ಸಿಗದೆ ಹೋಗಿರಲಿಲ್ಲ. ಅವನಿಗೆ ಸಿಕ್ಕಿತ್ತು.

ಅವಳು ಕಿರುಚಲಿಲ್ಲ. ಒಳಗೆ ಬಂದು, ಬಹಳ ನಿಧಾನವಾಗಿ, "ಅವನು ಬಂದು ಹೋಗಿದಾನೆ," ಎಂದಳು. ಅಣ್ಣ ಬಂದು ನೋಡಿದ. ಅತ್ತಿಗೆ ಬಂದು ನೋಡಿದಳು.

"ಎದುರುಮನೆಯೋಳು ಸೇಡು ತೀರಿಸ್ಕೊಂಡಳು!" ಎಂದು ಅತ್ತಿಗೆ ಚಪ್ಪಾಳೆ ತಟ್ಟಿದಳು.

"ಸ್ಕ್ರೂ ನೋಡಿ ಅತ್ತಿಗೆ. ಇದು ನಮ್ಮ ಅಂಗಡೀದು."

"ನಿನ್ನ ಬ್ಯಾಗಿನಿಂದ್ಲೇ ಬಿದ್ದಿರುತ್ತೆ. ಅವತ್ತು ನನ್ನ ಕಾಲಿಗೂ ಒಂದು ಚುಚ್ಚಿತ್ತಲ್ಲ."

ಅದೂ ಸುಳ್ಳಲ್ಲ. ಅಂಥ ಸ್ಕ್ರೂಗಳು ಅವಳ ಬಟ್ಟೆಯ ಮಡಿಕೆಯಲ್ಲಿ, ಬ್ಯಾಗಿನ ತಳದಲ್ಲಿ ಮನೆಗೆ ಬರುತ್ತಲೇ ಇದ್ದವು. ಅಣ್ಣ ಕುರ್ಚಿಯನ್ನು ಎತ್ತಿ ಅಲುಗಿಸಿ ನೋಡಿ, "ಗಟ್ಟಿ ಮರ. ಯಾರೂ ಕೇಳಿಕೊಂಡು ಬರದಿದ್ರೆ ನಾವೇ ಇಟ್ಕೊಳ್ಳೋಣ," ಎಂದು ಒಳಗೆ ತಂದು ಊಟದ ಮೇಜಿನ ಪಕ್ಕಕ್ಕಿಟ್ಟ. ಯಾರೂ ಕೇಳಿಕೊಂಡು ಬರಲಿಲ್ಲ.

ಆ ಮೇಲೆ ಪುಕ್ಕಿ ಏನು ಹೇಳಿದರೂ ಅದು ಸಿನಿಮಾದಲ್ಲಿದ್ದ ಹಾಗೇ ಆಗುತ್ತಿತ್ತು. ಫೋನು ರಿಂಗಾಗಿ ಎತ್ತಿದರೆ ಮಾತಿಲ್ಲ ಎಂದರೆ, "ಸಿನಿಮಾದಲ್ಲಿದ್ದ ಹಾಗೇ!" ಒಗೆದು ಒಣಗಲು ಹಾಕಿದ್ದ ಬಟ್ಟೆಯ ಕೈಚೀಲ ಕಾಣೆಯಾಗಿ, ಎರಡು ದಿನಕ್ಕೆ ಇಸ್ತ್ರಿಯಾಗಿ ಮಡಚಿ ಮೆಟ್ಟಿಲ ಮೇಲೆ ಸಿಕ್ಕಿತು ಎಂದರೆ, "ಸಿನಿಮಾದಲ್ಲಿದ್ದ ಹಾಗೇ!" ಅವನು ದಡ್ಡನಲ್ಲ. ಅವನೂ ಅದೇ ಆಟವನ್ನು, ಅದೇ ಜನರ ನಡುವೆ ಕೂತು ನೋಡಿದ್ದ. ಯಾವುದಕ್ಕೆ ಎಷ್ಟು ನಗು ಬೀಳುತ್ತದೆ ಎಂದು ಕೇಳಿಸಿಕೊಂಡಿದ್ದ. ಸಿನಿಮಾದಲ್ಲಿದ್ದದ್ದನ್ನು ಬಿಟ್ಟು ಬೇರೇನನ್ನೂ ಅವನು ಮಾಡುತ್ತಿರಲಿಲ್ಲ.

ಅಂಗಡಿಗೆ ಅರ್ಧ ದಿನ ರಜೆಯಿದ್ದ ಒಂದು ಮಧ್ಯಾಹ್ನ, ಮನೆಯಲ್ಲಿ ಹೇಳದೆ, ಅವಳು ಪೊಲೀಸ್ ಸ್ಟೇಷನ್ನಿಗೆ ಹೋದಳು. ಮೇಜಿನ ಹಿಂದೆ ಕುಳಿತಿದ್ದ ಹೆಂಗಸು ಒರಟಾಗಿ ಮಾತಾಡಲಿಲ್ಲ. ನೀರು ಕೊಟ್ಟಳು, ಪೂರ್ತಿ ಕೇಳಿಸಿಕೊಂಡಳು.

"ಮೈಮುಟ್ಟಿದನಾ?"

"ಇಲ್ಲ."

"ಬೈದನಾ? ಬೆದರಿಸಿದನಾ?"

"ಇಲ್ಲ. ಥ್ಯಾಂಕ್ಸ್ ಹೇಳ್ತಾನೆ."

ಆಕೆ ಪೆನ್ನು ಕೆಳಗಿಟ್ಟಳು. "ಬೇಜಾರು ಮಾಡ್ಕೋಬೇಡಿ. ಆ ಸಿನಿಮಾ ಬಂದಾಗಿಂದ ದಿನಕ್ಕೊಬ್ಬರು ಬರ್ತಿದಾರೆ. ಎಲ್ಲರದೂ ಕುರ್ಚಿ. ಇದನ್ನ ತಗೊಂಡು ಹೋಗಿ ಸಾಹೇಬರ ಮುಂದೆ ಇಟ್ಟರೆ ನನ್ನ ನೋಡಿ ನಗ್ತಾರೆ. ಏನಾದ್ರೂ ಆದ್ರೆ ಬನ್ನಿ."

ಏನಾದರೂ ಆದ ಮೇಲೆ ಬರುವುದು ಹೇಗೆಂದು ಪುಕ್ಕಿ ಕೇಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟಳು. ಬೆಂಚಿನ ಇನ್ನೊಂದು ತುದಿಯಲ್ಲಿ ಲಾಂಡ್ರಿಯ ಸಮವಸ್ತ್ರದ ಹೆಂಗಸೊಬ್ಬಳಿದ್ದಳು, ಪುಕ್ಕಿಗಿಂತ ಹತ್ತು ವರ್ಷ ಹಿರಿಯಳಿರಬಹುದು. ಮುಂಗೈಯ ಮೇಲೆ ಇಸ್ತ್ರಿಯ ಹಳೆಯ ಸುಟ್ಟ ಗಾಯ. ಬಾಗಿಲು ತೆರೆದೇ ಇತ್ತು, ಅವಳಿಗೆ ಎಲ್ಲ ಕೇಳಿಸಿತ್ತು.

"ನಿಮ್ಮದು ಎಷ್ಟು ದಿನದಿಂದ?" ಎಂದು ಕೇಳಿದಳು.

"ಆರೇಳು ತಿಂಗಳಾಯ್ತು."

"ನಂದು ಮೂರು ವರ್ಷ. ಈ ಸಿನಿಮಾ ತೆಗೆಯೋಕೆ ಮುಂಚಿಂದ." ಸ್ಟೇಷನ್ನಿನ ಬಾಗಿಲಿನತ್ತ ಗದ್ದ ಎತ್ತಿ ತೋರಿಸಿ, "ಅವರಿಗೆ ಅದನ್ನೂ ಹೇಳಿದೆ. ಹಾಗಾದ್ರೆ ಸಿನಿಮಾದವರು ನಿಮ್ಮನ್ನ ನೋಡೇ ಅದನ್ನ ತೆಗೆದಿರಬೇಕು ಅಂತ ಒಬ್ಬ ತಮಾಷೆ ಮಾಡಿದ," ಎಂದಳು.

"ನಾನು ಹೇಳಿದ್ದನ್ನ ನಂಬ್ತೀರಾ ನೀವು?"

"ಆ ಟವೆಲ್ ವಿಷಯ ಹೇಳಿದ್ರಲ್ಲ, ಅಲ್ಲೇ ನಂಬಿದೆ. ಟವೆಲ್ ತೆಗೆಯೋದು ಮರೆತ್ರಾ ಅಂತ ಕೇಳಿದ ಅನ್ನೋದನ್ನೆಲ್ಲ ಯಾರೂ ಕಥೆ ಕಟ್ಟೋಕಾಗಲ್ಲ."

ಪುಕ್ಕಿಯ ಕಣ್ಣು ತುಂಬಿತು. ಇಷ್ಟು ದಿನ ಅವಳು ದೇವರಲ್ಲಿ ಬೇಡಿದ್ದು ಇದನ್ನೇ ಅಲ್ಲವೇ? ಒಬ್ಬರು. ಒಬ್ಬರೇ ಒಬ್ಬರು ನಂಬಲಿ. ಬೇಡಿದ್ದನ್ನು ದೇವರು ಕೊಟ್ಟುಬಿಟ್ಟಿದ್ದ. ಇನ್ನು ಬೇಡಲು ಏನೂ ಉಳಿದಿರಲಿಲ್ಲ. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕುಳಿತರು. ನಂಬಿದವಳು ಇವಳಿಗೆ ಏನು ಮಾಡಬಲ್ಲಳು? ಇವಳು ಅವಳಿಗೆ ಏನು ಮಾಡಬಲ್ಲಳು?

"ಮನೇಲಿ ಯಾರೂ ಇಲ್ವಾ ನಿಮಗೆ?" ಎಂದಳು ಲಾಂಡ್ರಿಯವಳು.

"ಎಲ್ಲಾ ಇದಾರೆ."

"ಹೂಂ. ನನಗೂ."

ಬಸ್ ಸ್ಟಾಪಿನವರೆಗೆ ಜೊತೆಯಲ್ಲೇ ನಡೆದರು. ಲಾಂಡ್ರಿಯವಳ ಬಸ್ಸು ಊರಿನ ಆಚೆ ತುದಿಗೆ, ಪುಕ್ಕಿಯದು ಈಚೆ ತುದಿಗೆ. ಲಾಂಡ್ರಿಯವಳು ತನ್ನ ಮೊದಲ ಬಸ್ಸನ್ನು ಹತ್ತದೆ ಬಿಟ್ಟಳು. ಎರಡನೆಯದಕ್ಕೆ, "ಪಾಳಿ ಶುರುವಾಗುತ್ತೆ, ಹೋಗಲೇಬೇಕು," ಎಂದು ಪುಕ್ಕಿಯ ಭುಜ ಒಮ್ಮೆ ಅದುಮಿ ಹತ್ತಿದಳು.

ಬಸ್ಸು ತಿರುವು ದಾಟುವಷ್ಟರಲ್ಲಿ ಪುಕ್ಕಿಯ ಫೋನು ರಿಂಗಾಯಿತು. ಅಣ್ಣ. ಹಿನ್ನೆಲೆಯಲ್ಲಿ ಲೋಟಗಳ ಸದ್ದು, ಅತ್ತಿಗೆಯ ನಗು.

"ಎಲ್ಲಿದೀಯ ಪುಕ್ಕಿ? ಅರ್ಧ ದಿನ ರಜೆ ಅಂದಿದ್ಯಲ್ಲ? ಬೇಗ ಬಾ, ನಿಮ್ಮ ಅಂಗಡಿ ಗಿರಾಕಿ ಬಂದಿದಾರೆ. ಲಿಫ್ಟ್ ವಿಷಯ ಮಾತಾಡೋಕೆ ಅಂತ ಬಂದ್ರು, ಟೀ ಕುಡ್ಕೊಂಡು ಹೋಗಿ ಅಂತ ಕೂರಿಸಿದೀವಿ. ಅಮ್ಮ ಅವರಿಗೆ ಪದ್ಯ ಹೇಳ್ತಾ ಕೂತಿದಾಳೆ ಕಣೇ! ಎಷ್ಟು ಭಕ್ತಿಯಿಂದ ಕೇಳ್ತಾರೆ ಗೊತ್ತಾ?"

"ಅಣ್ಣಾ, ಅಮ್ಮನ್ನ ಒಳಗೆ ಕಳಿಸು."

"ಏನು? ಕೇಳಿಸ್ತಿಲ್ಲ. ಬಾ ಬೇಗ, ನಿನಗೋಸ್ಕರ ಕಾಯ್ತಿದಾರೆ."

ಅವಳ ಬಸ್ಸು ಬಂದು ನಿಂತಿತು. ಬಾಗಿಲು ತೆರೆದುಕೊಂಡಿತು. ಊರು ದೊಡ್ಡದು, ಬೇರೆ ಬಸ್ಸುಗಳೂ ಇದ್ದವು, ಬೇರೆ ಬೀದಿಗಳಿಗೆ ಹೋಗುವಂಥವು. ಆದರೆ ಅಮ್ಮ ಅಲ್ಲಿದ್ದಳು, ಅವನೆದುರಿಗೆ, ಕಣ್ಣು ಮುಚ್ಚಿ ರಾಗ ಎಳೆಯುತ್ತ.

"ಹತ್ತೋದಾದ್ರೆ ಹತ್ತಮ್ಮ," ಎಂದ ಡ್ರೈವರ್.

ಪುಕ್ಕಿ ಹತ್ತಿದಳು.